ಗೋಡೆಯ ಮೇಲಿನ ‘ಕ್ಯಾನ್ಸರ್ ಇಲ್ಲ’ವನ್ನು ನೀವೇ ಬಂದು ಇಳಿಸಿ

ಆಸ್ಪತ್ರೆಯ ಮೇಲಧಿಕಾರಿಗಳೇ,

ಮಾನ್ಯರೇ ಎಂದು ಬರೆಯಲು ಕೈ ಬರಲಿಲ್ಲ. ಒಂದು ಸಹಿ ಹಾಕಲೊಲ್ಲದೆ ನೀವು ನನ್ನ ತಮ್ಮನನ್ನು ಹಾಸಿಗೆಗೆ ಕೆಡವಿದಿರಿ. ಅದನ್ನು ನಾಲ್ಕು ಜನ ಓದಲಿ ಎಂದೇ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಫೋಟೋಗಳಿಗೆ ಕಟ್ಟು ಹಾಕುವುದು ನನ್ನ ತಮ್ಮನ ಕಸುಬು. ನಿಮ್ಮ ಕೋಣೆಯಲ್ಲಿ ಮಿರುಗುವ ಪ್ರಶಸ್ತಿಗಳಿಗೆ ಗಾಜು ಕೂರಿಸಿದವನೂ ಅವನೇ. ಕಳೆದ ವರ್ಷ ಅವನ ಪ್ರಾಸ್ಟೇಟ್ ಗ್ರಂಥಿಗೆ ಸೂಜಿ ಹಾಕಿ ಚೂರು ತೆಗೆದಿರಿ. ‘ಕ್ಯಾನ್ಸರ್ ಇಲ್ಲ’ ಎಂದು ವರದಿ ಬಂತು. ರಕ್ತಪರೀಕ್ಷೆಯ ಅಂಕಿ ಮಾತ್ರ ಏರುತ್ತಲೇ ಇತ್ತು. ನಿಮ್ಮಲ್ಲಿನ ಕಿರಿಯ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು, “ಅಜ್ಜಾ, ಸೂಜಿ ಗಂಟಿನ ಪಕ್ಕದಲ್ಲೇ ಹಾದು ಹೋಗಿರಬಹುದು. ಸುತ್ತಲಿನ ಜೀವಕೋಶ ನೋಡೋಕೆ ಚೆನ್ನಾಗೇ ಇರುತ್ತೆ, ಆದ್ರೆ ಪಕ್ಕದಲ್ಲಿ ಕ್ಯಾನ್ಸರ್ ಇದ್ರೆ ಅದರ ಡಿಎನ್‌ಎ ಮೇಲೆ ಮೀಥೈಲ್ ಅನ್ನೋ ಗುರುತು ಕೂತಿರಬಹುದು. ತೆಗೆದಿಟ್ಟ ಚೂರಲ್ಲೇ ಹುಡುಕಬಹುದು. ಸಿಕ್ಕರೆ ಮತ್ತೆ ಸೂಜಿ ಹಾಕಿ ನೋಡೋಣ” ಎಂದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೂ ತಿಳಿಯಿತು: ಕಳ್ಳ ಕೈಗೆ ಸಿಗದಿದ್ದರೆ ನೆರೆಮನೆಯವರ ಮುಖ ನೋಡಬೇಕು. ಅಷ್ಟೆಲ್ಲ ಓದಿದ ನಿಮಗೇಕೆ ತಿಳಿಯಲಿಲ್ಲ?

ಚೂರುಗಳನ್ನು ಹೊರಗಿನ ಲ್ಯಾಬಿಗೆ ಕಳಿಸಲು ನಿಮ್ಮ ಸಹಿ ಬೇಕಿತ್ತು. “ನಮ್ಮ ಲ್ಯಾಬು ಇಲ್ಲ ಅಂದ್ಮೇಲೆ ಇಲ್ಲ. ಹೊರಗಿನೋರ ಕೈಲಿ ನಮ್ಮ ತಪ್ಪು ಹುಡುಕಿಸ್ಬೇಕಾ? ಹೋಗಿ, ಆ ವರದಿಗೊಂದು ಕಟ್ಟು ಹಾಕ್ಕೊಳ್ಳಿ” ಎಂದು ನಕ್ಕಿರಿ.

ದೊಡ್ಡವರ ಮಾತು ಮೀರುವವನಲ್ಲ ನನ್ನ ತಮ್ಮ. ಹಾಕಿಯೇಬಿಟ್ಟ! ತೇಗದ ಪಟ್ಟಿ, ಒಳ್ಳೆಯ ಗಾಜು, ಅಂಗಡಿಯಲ್ಲಿ ಅಪ್ಪನ ಫೋಟೋದ ಪಕ್ಕಕ್ಕೇ ಮೊಳೆ. ಇನ್ನೊಮ್ಮೆ ತೋರಿಸೋಣ ಎಂದಾಗಲೆಲ್ಲ ಅತ್ತ ಬೆರಳು ಮಾಡಿ, “ಏನಣ್ಣಾ, ಕಲ್ತಿದ್ದ ನಾಲ್ಕಕ್ಷರಾನೂ ಮರ್ತೋಯ್ತಾ?” ಎಂದು ಛೇಡಿಸುತ್ತಿದ್ದ. ಈಗ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿದೆ. ಅದೇ ಅಂಗಡಿಯ ಮೂಲೆಯಲ್ಲಿ ಹಾಸಿಗೆ ಹಿಡಿದಿದ್ದಾನೆ. ಮಗ್ಗುಲು ಬದಲಿಸಲೂ ನಾನು ಬೇಕು. ಆ ಪರೀಕ್ಷೆ ಖಂಡಿತ ಹಿಡಿಯುತ್ತಿತ್ತೇ ಎಂದು ನಿಮ್ಮ ಕಚೇರಿಯವರು ಕೇಳುತ್ತಾರೆ. ಗೊತ್ತಿಲ್ಲ ಸ್ವಾಮಿ. ನೋಡಲು ಬಿಟ್ಟಿದ್ದರಲ್ಲವೇ ಗೊತ್ತಾಗುವುದು?

ಕ್ಷಮೆ ಕೇಳಬೇಡಿ, ಕೊಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಇಂಥದೇ ಸಹಿಗಾಗಿ ಬೇರೆಯವರೂ ನಿಮ್ಮ ಬಾಗಿಲಲ್ಲಿ ಕಾಯುತ್ತಿದ್ದಾರಂತೆ. ಅವರಿಗೆ ಇವತ್ತೇ ಸಹಿ ಹಾಕಿ. ಆಮೇಲೆ ನಮ್ಮ ಅಂಗಡಿಗೆ ಬನ್ನಿ. ಆ ಕಟ್ಟನ್ನು ತೆಗೆಯಲು ನಾನು ಹೋದರೆ ತಮ್ಮ ಬಿಡುವುದಿಲ್ಲ. “ಹಾಕು ಅಂದೋರು ಅವ್ರು, ಅವ್ರೇ ತೆಗೀಲಿ” ಎನ್ನುತ್ತಾನೆ. ಅವನ ಕಣ್ಣೆದುರೇ ನಿಮ್ಮ ಕೈಯಾರೆ ಇಳಿಸಿ. ಮೊಳೆ ಎತ್ತರದಲ್ಲಿದೆ, ಸ್ಟೂಲು ನಾನು ಹಿಡಿಯುತ್ತೇನೆ. ಅಲುಗಾಡಿಸುವುದಿಲ್ಲ ಎಂದು ಮಾತ್ರ ಮಾತು ಕೊಡಲಾರೆ.

ಇಂತಿ,
ಸ್ಟೂಲಿನ ಬುಡದಲ್ಲಿ ಕಾದಿರುವ,
ತಮ್ಮನಿಗೆ ಬುದ್ಧಿ ಹೇಳಲಾಗದ ಅಣ್ಣ