ಹನ್ನೆರಡನೇ ಹೆಸರು

ಬಾಷಣ್ಣನೋರಿಗೆ, ನಿಮ್ಮ ಅಂಜುಬುರುಕ ತಿಪ್ಪೇಶಿ ಮಾಡುವ ಸಲಾಮು.

ಏಳನೇ ಕ್ಲಾಸಿನ ಪರೀಕ್ಷೆ ದಿನ ಹೆದರಿಕೊಂಡು ಹೊಳಲ್ಕೆರೆಯಿಂದ ಹೊರಕೆರೆದೇವಪುರದ ನಮ್ಮ ಮನೆಗೆ ಓಡಿ ಹೋದದ್ದನ್ನು ನಾನು ನಿಮ್ಮೊಬ್ಬರಿಗೇ ಹೇಳಿದ್ದು. ನೀವು ಹೊಟ್ಟೆ ಹಿಡಕೊಂಡು ನಕ್ಕಿದ್ರಿ. ಅಲ್ಲಿಗೆ ನಿಂತ ಓದು ಮುಂದೆ ಹೋಗಲೇ ಇಲ್ಲ. ಹಾಗಾಗಿ ಈ ಕಾಗದದಲ್ಲಿ ತಪ್ಪು ಬಹಳ ಇರ್ತವೆ, ಹೊಟ್ಟೆಗೆ ಹಾಕ್ಕಳ್ರಿ. ನೀವು ಮಣ್ಣಿಗೆ ಹೋಗಿ ಎಂಟು ತಿಂಗಳಾಯ್ತು. ಇಷ್ಟು ದಿನ ಬರೆಯದೋನು ಈಗ ಬರೀತಿರೋದಕ್ಕೆ ಕಾರಣ ಐತೆ. ಹೋದ ವಾರ ಒಬ್ಬ ಹುಡುಗನ ಹೆಸರನ್ನು ನಾನೇ ಕೈಯಾರೆ ಹೊಡೆದು ಹಾಕಿದೆ. ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಮೊದಲ ಸಲ ನೀವು ಆ ಡಬ್ಬಿ ತೋರಿಸಿದ ದಿನ ಕಣ್ಣಿಗೆ ಕಟ್ಟಿದ ಹಂಗೈತೆ. ನಾನು ದುರ್ಗದ ಕಾಲೇಜಿಗೆ ಅಟೆಂಡರ್ ಆಗಿ ಸೇರಿದ್ದೆ, ಅದೂ ಟೆಂಪರವರಿ. ವಾಲಿಬಾಲ್ ಕೋರ್ಟಿಗೆ ಸುಣ್ಣದ ಗೆರೆ ಎಳೆಯೋದು, ನೆಟ್ ಕಟ್ಟೋದು, ಸಂಜೆ ಬಿಚ್ಚೋದು. ಮಧ್ಯಾಹ್ನ ನೀವು ಸೈಕಲ್ ಮೇಲೆ ಬಂದು, ಸಾಮಾನಿನ ಕೋಣೆ ಬಾಗಿಲಲ್ಲಿ ಗೋಣಿಚೀಲ ಹಾಸಿ, ಬಿರಿದ ಚೆಂಡುಗಳಿಗೆ ಹೊಲಿಗೆ ಹಾಕ್ತಾ ಕೂರೋರು. ಕಣ್ಣು ಮಾತ್ರ ಕೋರ್ಟಿನ ಮೇಲೆ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ಕಡೆಯ ಕಾಲೇಜು ಹುಡುಗರು ಬಂದು ಆಡಿದ ಮೇಲೆ ಅವರಲ್ಲಿ ಹನ್ನೆರಡು ಜನರನ್ನ ನಮ್ಮ ಪಿ.ಟಿ. ಮೇಷ್ಟ್ರು ಮೈಸೂರಿನ ಪಂದ್ಯಾವಳಿಗೆ ಆರಿಸೋರು. ಆ ಲಿಸ್ಟ್ ಬೋರ್ಡಿಗೆ ಬೀಳೋ ಹಿಂದಿನ ದಿನ ನೀವು ಹೆಸರು ಹೇಳೋರು, ನಾನು ಚೀಟಿಯಲ್ಲಿ ಬರೆಯೋನು. ನಿಮಗೆ ಉರ್ದು ಬಿಟ್ರೆ ಬೇರೆ ಬರವಣಿಗೆ ಬರ್ತಿರಲಿಲ್ಲವಲ್ಲ. ದಾರಕ್ಕೆ ತಿಕ್ಕುವ ಮೇಣದ ಖಾಲಿ ಡಬ್ಬಿಗೆ ಚೀಟಿ ಹಾಕಿ, ಹಲಗೆ ಮೇಲೆ ಇಡೋದು. ಲಿಸ್ಟಿಗೂ ಚೀಟಿಗೂ ತಾಳೆ ಆದ್ರೆ ಹುಡುಗರು ನಿಮಗೆ ಮಂಡಕ್ಕಿ ಮೆಣಸಿನಕಾಯಿ ಕೊಡಿಸಬೇಕು, ತಪ್ಪಿದ್ರೆ ನೀವು ಅವರಿಗೆ. ಐದು ವರ್ಷದಲ್ಲಿ ನೀವು ಒಂದು ಸಲವಾದ್ರೂ ಮಂಡಕ್ಕಿ ಕೊಡಿಸಿದ್ದುಂಟಾ?

"ಅದ್ಹೆಂಗಣ್ಣ ಹನ್ನೆರಡಕ್ಕೆ ಹನ್ನೆರಡೂ?" ಅಂತ ಒಂದಿನ ಕೇಳಿದ್ದೆ. ಸೂಜಿಯನ್ನ ಹಲ್ಲಲ್ಲಿ ಕಚ್ಚಿಕೊಂಡೇ ಅಂದಿರಿ: "ಲೇ ತಿಪ್ಪೇಶಿ, ಯಾರು ಚೆಂದ ಆಡ್ತಾನೆ ಅಂತ ನೋಡಾಕೆ ನಿನ್ನ ಕಣ್ಣು ಸಾಕು. ಯಾರ ಹೆಸರು ಲಿಸ್ಟಿಗೆ ಬರ್ತೈತೆ ಅಂತ ನೋಡಾಕೆ ಮೇಷ್ಟ್ರ ಕಣ್ಣು ಬೇಕು. ಅವೆರಡೂ ಬೇರೆ ಬೇರೆ." ಆಮೇಲೆ ಸುಣ್ಣದ ಚೂರು ತಗೊಂಡು ಮೈಸೂರಿನ ಡ್ರಾ, ಅಂದ್ರೆ ಯಾರ ಮೇಲೆ ಯಾರು ಆಡಬೇಕು ಅನ್ನೋದನ್ನ, ನೆಲದ ಮೇಲೆ ಗೆರೆ ಎಳೆದು ತೋರಿಸಿದಿರಿ. ಗಟ್ಟಿ ತಂಡಗಳು ಮೊದಲ ದಿನವೇ ಒಂದಕ್ಕೊಂದು ಡಿಕ್ಕಿ ಹೊಡೀಬಾರದು ಅಂತ ನಾಲ್ಕನ್ನ ದೂರ ದೂರ ಕೂರಿಸ್ತಾರೆ, ಅದಕ್ಕೇ ಸೀಡ್ ಅಂತಾರೆ ಅಂದಿರಿ. ನಮ್ಮೋರಿಗೆ ಸೀಡ್ ಎಲ್ಲಿಂದ ಬರಬೇಕು? ಎಲ್ಲೋ ನಡುವೆ ಬಿದ್ದು, ಮೊದಲ ಪಂದ್ಯದಲ್ಲೇ ದೊಡ್ಡೋರ ಬಾಯಿಗೆ ಹೋಗಿ, ಅದೇ ರೈಲಿಗೆ ವಾಪಸ್. ಹೋದ ವರ್ಷ ಮಾತ್ರ ಸೆಮಿಫೈನಲ್ ತನಕ ಆಡಿದ್ರು. ನೀವು ಆಸ್ಪತ್ರೆ ಮಂಚದ ಮೇಲಿಂದ್ಲೇ "ಮುಂದಿನ ಸಲ ನಮಗೂ ಸೀಡ್ ಐತೆ, ಬೇಕಾದ್ರೆ ಬರಕಾ" ಅಂದಿರಿ. ನಾನು ಬರಕೊಳ್ಳಲಿಲ್ಲ. ಅವತ್ತು ನನಗೆ ನಿಮ್ಮ ಉಸಿರಿನ ಸದ್ದು ಕೇಳೇ ಹೆದರಿಕೆ...

ಈ ವರ್ಷ ಆಟ ಮುಗಿದ ಮಧ್ಯಾಹ್ನ ಹುಡುಗರು ಕೋಣೆ ಬಾಗಿಲಿಗೆ ಬಂದು ನಿಂತರು. "ಏನಪ್ಪ ತಿಪ್ಪೇಶಣ್ಣ, ಬಾಷಣ್ಣ ಹೋದ ಮೇಲೆ ಚೀಟೀನೂ ಹೋಯ್ತಾ? ಮಂಡಕ್ಕಿ ಕೊಡ್ಸಾಕೆ ಹೆದರಿಕೇನಾ?" ಅಂತ ಕಿಚಾಯಿಸಿದರು. ನಾನು ಯಾವುದಕ್ಕೆ ಹೆದರಲ್ಲ ಹೇಳಿ? ಬರೆಯೋಕೂ ಹೆದರಿಕೆ, ಬರೆಯಲ್ಲ ಅನ್ನೋಕೂ ಹೆದರಿಕೆ. ಬರೆದೆ. ಹನ್ನೊಂದು ಹೆಸರು ಸರಾಗ ಬಂದವು. ಹನ್ನೆರಡನೆಯದಕ್ಕೆ ಪೆನ್ಸಿಲ್ ನಿಂತಿತು. ಒಬ್ಬ ಓಬಳೇಶ, ಶ್ರೀರಾಂಪುರದ ಕಡೆ ಕುರಿ ಕಾಯೋರ ಮಗ, ಹೊಸದುರ್ಗದ ಪರವಾಗಿ ಆಡ್ತಾನೆ. ಹೊಡೆಯೋರಿಗೆ ಚೆಂಡು ಎತ್ತಿಕೊಡೋದು ಅವನ ಕೆಲಸ. ಅವನ ಬೆರಳಿಗೆ ಚೆಂಡು ತಾಗಿದ್ರೆ ಸದ್ದೇ ಬರಲ್ಲ ಅಣ್ಣ, ಕುರಿಮರಿ ಎತ್ತಿಕೊಂಡ ಹಂಗೆ. ಇನ್ನೊಬ್ಬ ಜಯಣ್ಣ, ಹಿರಿಯೂರಿನೋರ ಪರ ಆಡೋನು, ಅಪ್ಪ ಮಾರಿಕಣಿವೆ ಡ್ಯಾಮಿನಲ್ಲಿ ಕೆಲಸ. ಜೋರಾಗಿ ಹೊಡೀತಾನೆ, ನೋಡೋರು ಚಪ್ಪಾಳೆ ತಟ್ತಾರೆ. ಹಂಗೆ ಹೊಡೆಯೋರು ಆ ಹನ್ನೊಂದು ಹೆಸರಲ್ಲಿ ಆಗಲೇ ನಾಲ್ಕು ಜನ ಇದ್ರು. ಎತ್ತಿಕೊಡೋನು ಒಬ್ಬನೇ.

ಓಬಳೇಶನ ಅಪ್ಪ ಅವತ್ತು ಕಂಬಳಿ ಹೆಗಲಿಗೆ ಹಾಕ್ಕೊಂಡು ಆಟ ನೋಡೋಕೆ ಬಂದಿದ್ದ. ನನ್ನನ್ನೇ ದೊಡ್ಡ ಮನುಷ್ಯ ಅಂದ್ಕೊಂಡು ಹತ್ತಿರ ಬಂದು ಕೇಳಿದ: "ಸ್ವಾಮಿ, ಮೈಸೂರಿಗೆ ಹೋಗಿ ಬಂದ್ರೆ ಒಂದು ಸರ್ಟಿಫಿಕೇಟ್ ಕೊಡ್ತಾರಂತೆ, ಪೊಲೀಸ್ ಕೆಲಸಕ್ಕೆ ಬರ್ತೈತಂತೆ, ಹೌದ್ರಾ? ಈ ಸಲನೂ ಆಗ್ಲಿಲ್ಲಂದ್ರೆ ನಾನು ಓದ್ಸಾಕಿಲ್ರಿ. ಕುರಿ ಹಿಂದೆ ಹೋಗ್ಲಿ. ನನ್ನ ಕಾಲೂ ಬಿದ್ದೋದ್ವು." ಇದೆಲ್ಲ ಕೇಳಿಯೂ ನಾನು ಏನು ಮಾಡಿದೆ? ನೀವು ಹೇಳಿದ್ದನ್ನ ನೆನೆಸಿಕೊಂಡೆ. ಮೇಷ್ಟ್ರ ಕಣ್ಣಲ್ಲಿ ನೋಡಿದೆ. ಹೊಸದುರ್ಗದೋರು ಆಗಲೇ ನಾಲ್ಕು ಜನ, ಹಿರಿಯೂರಿನೋರು ಇಬ್ಬರೇ. ಹಿರಿಯೂರಿನೋರು ಗಲಾಟೆ ಮಾಡ್ತಾರೆ ಅಂತ ಮೇಷ್ಟ್ರು ಮೂರನೆಯವನನ್ನ ಹಾಕೇ ಹಾಕ್ತಾರೆ. ಜಯಣ್ಣ ಅಂತ ಬರೆದು ಮುಚ್ಚಳ ಒತ್ತಿದೆ. ನನ್ನದು ಬರೀ ಊಹೆ ತಾನೇ, ಊಹೆಯಿಂದ ಯಾರಿಗೇನು ತೊಂದರೆ ಅಂದ್ಕೊಂಡೆ.

ನಾನು ನೆಟ್ ಮಡಿಸ್ತಾ ಇರುವಾಗ ಪಿ.ಟಿ. ಮೇಷ್ಟ್ರು ಕೋಣೆಗೆ ಬಂದರು. ಸೀದಾ ಹಲಗೆ ಹತ್ತಿರ ಹೋಗಿ ಡಬ್ಬಿ ತೆಗೆದು, ಚೀಟಿ ಬಿಡಿಸಿ, ಜೇಬಿನಿಂದ ಕಾಗದ ತೆಗೆದು ನಕಲು ಮಾಡತೊಡಗಿದರು.

"ಸಾರ್, ಅದು ನಾಳೆ ತೆಗೆಯೋದು..."

"ಗೊತ್ತು ಕಣಯ್ಯ. ಬಾಷಾ ಇದ್ದಾಗ್ಲೂ ನಾನು ಹಿಂದಿನ ದಿನವೇ ನೋಡ್ಕೊತಿದ್ದೆ. ಸಾಯೋ ತನಕ ಒಂದು ಹೆಸರೂ ತಪ್ಪು ಹೇಳ್ಲಿಲ್ಲ ಪುಣ್ಯಾತ್ಮ. ನಿಂಗೂ ಕಲಿಸಿ ಹೋಗಿದಾನಲ್ಲ, ಒಳ್ಳೇದಾಯ್ತು."

ಸೈಕಲ್ ಹತ್ತಿ ಹೋಗೇಬಿಟ್ರು. ಮೇಷ್ಟ್ರು ಏನು ಬರೀತಾರೆ ಅಂತ ಊಹಿಸಿ ನಾನು ಬರೆದೆ. ನಾನು ಬರೆದದ್ದು ನೋಡಿ ಮೇಷ್ಟ್ರು ಬರೆದರು. ಹಾಗಾದ್ರೆ ಓಬಳೇಶನ ಆಟ ನೋಡಿದೋರು ಯಾರು ಅಣ್ಣ? ಯಾರೂ ಇಲ್ಲ!

ಬೆಳಗಾಗೋ ತನಕ ಮನೆ ಅಂಗಳದಲ್ಲೇ ಓಡಾಡಿದೆ. ಟೆಂಪರವರಿ ಕೆಲಸದೋನು ಮೇಷ್ಟ್ರಿಗೆ ನಿಮ್ಮ ಲಿಸ್ಟ್ ತಪ್ಪು ಅನ್ನೋದಾ? ನಾಳೆಯಿಂದ ಬರಬೇಡ ಅಂದ್ರೆ? ಹೆಂಡತಿ "ಜ್ವರಾನಾ?" ಅಂತ ಹಣೆ ಮುಟ್ಟಿ ನೋಡಿದ್ಲು. ಕಾಲೇಜಿನ ಗೇಟಿನ ತನಕ ಹೋಗಿ ಎರಡು ಸಲ ವಾಪಸ್ ತಿರುಗಿದೆ, ಅದೂ ನಿಜ. ಮೂರನೇ ಸಲ ಒಳಗೆ ಹೋದೆ. ಮೇಷ್ಟ್ರ ಮೇಜಿನ ಮೇಲೆ ಲಿಸ್ಟ್ ಇತ್ತು, ಇನ್ನೂ ಬೋರ್ಡಿಗೆ ಹಾಕಿರಲಿಲ್ಲ.

"ಸಾರ್, ಹನ್ನೆರಡನೇ ಹೆಸರು ತಪ್ಪು ಸಾರ್. ಎತ್ತಿಕೊಡೋನು ಒಬ್ಬನೇ ಇದಾನೆ, ಅವನ ಕಾಲು ಉಳುಕಿದ್ರೆ ಎಲ್ಲಾರೂ ಬರೀ ಕೈ ಎತ್ಕೊಂಡು ನಿಂತಿರ್ಬೇಕು. ಓಬಳೇಶ ಬೇಕು ಸಾರ್."

"ಮತ್ತೆ ನೀನೇ ಜಯಣ್ಣ ಅಂತ ಬರೆದೆಯಲ್ಲಯ್ಯ?"

"ನೀವು ಹಂಗೆ ಬರೀತೀರಿ ಅಂತ ಬರೆದೆ ಸಾರ್."

ಮೇಷ್ಟ್ರು ನಗ್ತಾರೆ ಅಂದ್ಕೊಂಡೆ. ನಗಲಿಲ್ಲ. ಲಿಸ್ಟನ್ನ ನನ್ನ ಮುಂದೆ ಸರಿಸಿದರು. "ಹಿರಿಯೂರಿನೋರು ಬಂದು ಕೇಳಿದ್ರೆ ಉತ್ತರ ನಾನು ಕೊಡ್ತೀನಿ. ಆದ್ರೆ ಈ ಗೆರೆ ನಾನು ಎಳೆಯಲ್ಲ. ನೀನು ಬರೆದದ್ದು, ನೀನೇ ಹೊಡಿ" ಅಂತ ಪೆನ್ನು ನನ್ನ ಕಡೆ ತಳ್ಳಿದರು. ಅರವತ್ತು ಅಡಿ ಸುಣ್ಣದ ಗೆರೆ ಸೊಟ್ಟ ಇಲ್ಲದಂಗೆ ಎಳೆಯೋ ಕೈ ಇದು. ಮೂರು ಅಕ್ಷರದ ಮೇಲೆ ಎಳೆದ ಒಂದು ಗೆರೆ ಸೊಟ್ಟ ಬಂತು, ಅದರ ಪಕ್ಕದಲ್ಲಿ ಓಬಳೇಶ ಅಂತ ಬರೆದೆ.

ಲಿಸ್ಟ್ ಹಾಕಿದಾಗ ನಾನು ಹೊಂಗೆ ಮರದ ಹಿಂದೆ ನಿಂತಿದ್ದೆ. ಓಬಳೇಶ ತನ್ನ ಹೆಸರನ್ನ ಎರಡು ಸಲ ಬೆರಳಿಟ್ಟು ಓದಿ, ಬಸ್‌ಸ್ಟ್ಯಾಂಡಿನ ಕಡೆ ಓಡಿದ. ಅಪ್ಪನಿಗೆ ಹೇಳೋಕೆ. ಜಯಣ್ಣ ಬೋರ್ಡಿನ ಮುಂದೆಯೇ ನಿಂತಿದ್ದ. ಆಮೇಲೆ ನನ್ನ ಹತ್ತಿರ ಬಂದು, "ತಿಪ್ಪೇಶಣ್ಣ, ನಿನ್ನ ಚೀಟೀಲಿ ನನ್ನ ಹೆಸರಿತ್ತಾ?" ಅಂದ. ಇತ್ತು ಅಂದೆ. "ಹಂಗಾದ್ರೆ ನೀನೇ ಮಂಡಕ್ಕಿ ಕೊಡಿಸ್ಬೇಕು" ಅಂತ ನಗೋಕೆ ನೋಡಿದ, ಆಗಲಿಲ್ಲ. ಹುಡುಗರಿಗೆಲ್ಲ ಮಂಡಕ್ಕಿ ಕೊಡಿಸಿದೆ. ಅವನು ತಿನ್ನದೆ ಪೊಟ್ಟಣ ಕೈಯಲ್ಲೇ ಹಿಡಕೊಂಡು ಬಸ್ ಹತ್ತಿದ. ಆ ಗೆರೆ ಎಳೆದೋನು ಯಾರು ಅಂತ ಅವನಿಗೆ ಗೊತ್ತಿಲ್ಲ. ಹೇಳಬೇಕು ಅಂತ ಬಸ್ಸಿನ ಕಿಟಕಿ ತನಕ ಹೋದೆ, ಹಂಗೇ ವಾಪಸ್ ಬಂದೆ.

ನೀವು ಹೆಸರು ಹೇಳುವ ಮುಂಚೆ ಕಣ್ಣು ಮುಚ್ಚಿಕೊಂಡು ಸುಮ್ಮನೆ ಕೂರ್ತಿದ್ರಿ, ನೆನಪೈತಾ? ಲೆಕ್ಕ ಹಾಕ್ತಿದಾರೆ ಅಂದ್ಕೊಂಡಿದ್ದೆ. ಈಗ ಕೇಳ್ತೀನಿ, ನಿಜ ಹೇಳ್ರಿ. ಮೇಷ್ಟ್ರು ಡಬ್ಬಿ ತೆಗೀತಾರೆ ಅನ್ನೋದು ನಿಮಗೆ ಗೊತ್ತಿತ್ತು ಅಲ್ವಾ? ಐದು ವರ್ಷ ನೀವು ಊಹೆ ಮಾಡಲೇ ಇಲ್ಲ, ಚೆಂದ ಆಡೋರ ಹೆಸರನ್ನೇ ಹೇಳಿದ್ರಿ. ಮೇಷ್ಟ್ರ ಕಣ್ಣು ಅಂತ ನನಗೆ ಹೇಳಿದ್ದು ಬರೀ ಅದನ್ನ ಮುಚ್ಚಿಡೋಕೆ. ಹಂಗಾದ್ರೆ ವರ್ಷ ವರ್ಷ ಬಿಟ್ಟುಹೋದ ಹುಡುಗರ ಭಾರ ನಿಮ್ಮ ಎದೆ ಮೇಲೇ ಇತ್ತಲ್ಲ. ಹೊಲೀತಾ ಹೊಲೀತಾ ಅದನ್ನ ಎಲ್ಲಿ ಇಟ್ಕೊಂಡಿದ್ರಿ? ನನಗೆ ಒಂದು ಹೆಸರನ್ನೇ ಹೊರೋಕಾಗ್ತಿಲ್ಲ.

ಮೈಸೂರಿನಿಂದ ನಿನ್ನೆ ಡ್ರಾ ಬಂತು. ಮೇಷ್ಟ್ರು ಕರೆದು ತೋರಿಸಿದರು. ನಾಲ್ಕನೇ ಸೀಡ್ ನಮ್ಮದೇ ಅಣ್ಣ! ನೀವು ಹೇಳಿದ ಹಂಗೇ. ನಿಮ್ಮ ಮನೆಗೆ ಹೋಗಿ ನಿಮ್ಮ ಹೆಂಡತಿಗೆ ಹೇಳಿದೆ. ಅಕ್ಕ ನಿಮ್ಮ ಸೂಜಿಗಳ ಚೀಲ ತಂದು ನನ್ನ ಕೈಗೆ ಕೊಟ್ಟರು. ಸೋಮವಾರ ತಂಡ ಹೊರಡುತ್ತೆ.

ಅದಕ್ಕೆ ಮೊದಲು, ಭಾನುವಾರ ಬೆಳಗ್ಗೆ, ನಾನು ಬಸ್‌ಸ್ಟ್ಯಾಂಡಿಗೆ ಹೋಗ್ತೀನಿ. ಮಾರಿಕಣಿವೆಗೆ ಹೋಗಿ ಜಯಣ್ಣನ ಮುಂದೆ ನಿಂತು, ನಿನ್ನ ಹೆಸರು ಬರೆದೋನೂ ನಾನೇ, ಹೊಡೆದೋನೂ ನಾನೇ ಅಂತ ಹೇಳ್ತೀನಿ. ಬೈದ್ರೆ ಬೈಯಲಿ. ಅತ್ತುಬಿಟ್ರೆ ಏನು ಮಾಡೋದು ಅನ್ನೋದೇ ಹೆದರಿಕೆ. ನಮ್ಮೂರು ಹೊರಕೆರೆದೇವಪುರದ ಬಸ್ಸೂ ಅಲ್ಲೇ, ಹಿರಿಯೂರಿನ ಬಸ್ಸಿನ ಪಕ್ಕದಲ್ಲೇ ನಿಂತಿರುತ್ತೆ ಅಣ್ಣ. ಅದನ್ನ ಹತ್ತಲ್ಲ.