ಎತ್ತಿದರೂ ನಿಲ್ಲದ ಆಟ

ಸಂಡೂರು ನಿಲುಮನೆ, ಸಾಗುಬಂಡಿ ಹೊರಟ ದಿನ. ನಿಮ್ಮ ಲೆಕ್ಕದಲ್ಲಿ ಇಸವಿ 2317.

ಅಂಗಡಿಯ ಗಾಜಿನ ಮುಂದೆ ನಿಂತು, ಟಿವಿಯಲ್ಲೂ ಕೈಯಲ್ಲೂ ಆಡಬಹುದಾದ ಆ ಆಟದ ಯಂತ್ರ ನಿಜವಾಗಿ ಹೊಸದೋ ಇಲ್ಲವೋ ಎಂದು ವಾದ ಮಾಡುತ್ತಿರುವ ನಿಮಗೆ ಸುಂಕಮ್ಮನ ನಮಸ್ಕಾರ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ಹಳೆಯ ಧ್ವನಿಮುದ್ರಣ ಕೇಳಿ ಕಲಿತವಳು ನಾನು, ಎಲ್ಲೋ ಒಂದು ಕಡೆ ತಪ್ಪಿರುತ್ತೇನೆ. ತಿದ್ದಿಕೊಂಡು ಓದಲು ನಿಮಗೆ ಪುರುಸೊತ್ತಿದೆ, ನನಗಿಲ್ಲ. ಕಾವಲಿನವರು ಯಾವ ಗಳಿಗೆಯಲ್ಲಾದರೂ ಬರಬಹುದು. ಬರುವಷ್ಟರಲ್ಲಿ ಈ ಕಾಗದವನ್ನು ಹಿಂದೋಲೆಗೆ ಹಾಕಬೇಕು. ಹಿಂದೋಲೆ ಎಂದರೆ ಕಳೆದ ಕಾಲಕ್ಕೆ ಅಂಚೆ ಒಯ್ಯುವ ವ್ಯವಸ್ಥೆ. ತಲುಪುತ್ತದೆಂದು ಯಾರೂ ಖಾತ್ರಿ ಕೊಡುವುದಿಲ್ಲ.

ನಿಲುಮನೆ ಎಂದರೆ ಹಳೆಯ ಗಣಿಗುಂಡಿಯ ಗೋಡೆಗಳಲ್ಲಿ ಕೊರೆದ ಕೋಣೆಗಳು. ಮೇಲಿನ ಬಿಸಿಲು ತಡೆಯಲಾಗದ್ದರಿಂದ ಊರಿಗೆ ಊರೇ ಒಳಗಿದೆ. ಹಗಲು ಮಲಗುತ್ತೇವೆ, ಸಂಜೆ ಎದ್ದು ಗೋಡೆಯ ತೇವ ಒರೆಸಿ ಹಿಂಡಿ ಪಾತ್ರೆ ತೊಳೆಯುತ್ತೇವೆ. ಕುಡಿಯುವ ನೀರು ತರುವವರು ಸಾಗುಬಂಡಿಯ ಜನ. ಹಳಿಯ ಮೇಲೇ ಅವರ ಉಣಿಸು, ನಿದ್ದೆ, ಬಾಣಂತನ ಎಲ್ಲ. ಪ್ರಾಯಕ್ಕೆ ಬಂದವರು ನಿಲ್ಲುವುದು ಅಥವಾ ಸಾಗುವುದು, ಎರಡರಲ್ಲಿ ಒಂದನ್ನು ಆಯ್ದುಕೊಳ್ಳಬೇಕು. ನನ್ನ ಅಕ್ಕ ಹುಲಿಗೆಮ್ಮ ಸಾಗುವುದನ್ನು ಆಯ್ದುಕೊಂಡಳು. ರೋಗದ ಭಯಕ್ಕೆ ಬಂಡಿಯವರನ್ನು ಕೆಳಗಿಳಿಯಲು ಬಿಡುವುದಿಲ್ಲ. ಜಂಟಿಪಾಲು, ಅಂದರೆ ಇಬ್ಬರಿಗೂ ಸೇರಿದ ವಸ್ತು ಇದ್ದವರು ಮಾತ್ರ ಅದನ್ನು ಕೊಟ್ಟು ತೆಗೆದುಕೊಳ್ಳುವ ನೆಪದಲ್ಲಿ ಬಾಗಿಲ ಹತ್ತಿರ ಮುಖ ನೋಡಬಹುದು.

ನಮ್ಮ ಜಂಟಿಪಾಲು ನಿಮ್ಮ ಕಾಲದ ಆ ಆಟದ ಯಂತ್ರವೇ. ಮನೆಯಲ್ಲಿ ಅದರ ಪೆಟ್ಟಿಗೆಗೆ ಇಳಿಸಿದರೆ ಆಟ ಗೋಡೆಯ ಪರದೆಯ ಮೇಲೆ, ಎತ್ತಿಕೊಂಡು ಹೋದರೆ ಕೈಯಲ್ಲೇ. ಅದರೊಳಗೆ ಇಬ್ಬರೂ ಸೇರಿ ಒಂದು ಊರು ಕಟ್ಟುತ್ತಿದ್ದೆವು. ನಾನು ಬಾವಿ ತೋಡಿ ಕೊಟ್ಟರೆ, ಅವಳು ಮುಂದಿನ ಸಲ ಅದಕ್ಕೆ ರಾಟೆ ಹಾಕಿ ತರುತ್ತಿದ್ದಳು. ಜೊತೆಗೆ ನನ್ನನ್ನು ರೇಗಿಸಲೆಂದೇ ನನ್ನ ಮನೆಯ ಮುಂದೆ ಒಂದು ಕತ್ತೆ ಕಟ್ಟಿರುತ್ತಿದ್ದಳು.

ಈ ವರ್ಷ ಹೊಸ ಕಾನೂನು ಬಂತು. ಒಂದು ವಸ್ತು ಒಂದೇ ಕಡೆ ಇರಬೇಕು. ನಿಂತಲ್ಲೂ ಸಾಗುವಲ್ಲೂ ಕರೆಂಟು ಕುಡಿಯುವುದು ಕಳ್ಳತನ. ಉಳಿಸಿಕೊಳ್ಳಬೇಕಾದರೆ ಅದು ಹೊಸಹುಟ್ಟು ಎಂದು ಸಾಬೀತಾಗಬೇಕು, ಅಂದರೆ ಅದು ತಯಾರಾಗುವುದಕ್ಕೆ ಮುಂಚೆ ಅಂಥದ್ದು ಲೋಕದಲ್ಲಿ ಇರಲೇ ಕೂಡದು. ಇಲ್ಲದಿದ್ದರೆ ಕುಲುಮೆಗೆ. ಯಂತ್ರ ಹೋದರೆ ಅಕ್ಕನ ಮುಖವೂ ಹೋದಂತೆಯೇ ಎಂದು ನನಗೆ ವಾರಗಟ್ಟಲೆ ಊಟ ಸೇರಲಿಲ್ಲ.

ಇವತ್ತು ಸಂಜೆ ಎದ್ದೊಡನೆ ವಿಚಾರಣೆ. ಪರೀಕ್ಷಕ ಎರ್ರಿಸ್ವಾಮಿಯವರು ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ಅವರು ಯಂತ್ರದ ಎರಡು ಪಕ್ಕದ ಹಿಡಿಗಳನ್ನು ಜಾರಿಸಿ ತೆಗೆದು ಮೇಜಿನ ಮೇಲಿಟ್ಟರು. ಪರದೆ ಹಳೆಯದು, ಬ್ಯಾಟರಿ ಹಳೆಯದು ಎಂದರು. ಕೈಯಲ್ಲಿ ಹಿಡಿದು ಆಡುವ ಯಂತ್ರ ಮೊದಲೇ ಇತ್ತು, ಮನೆಯಲ್ಲಿ ಆಡುವುದೂ ಇತ್ತು, ಕೈಯಂತ್ರಕ್ಕೆ ತಂತಿ ಸಿಕ್ಕಿಸಿ ಟಿವಿಯಲ್ಲಿ ಆಡಿದವರೂ ಇದ್ದರು ಎಂದರು. ಪೆಟ್ಟಿಗೆಯೊಳಗೆ ಇಣುಕಿ, ಇಲ್ಲಿ ಇರುವುದು ಬರೀ ತಂತಿ ಎಂದು ನಕ್ಕರು.

"ಎರಡು ಹಳೇವು ತಂದು ಗಂಟು ಹಾಕಿದ್ರೆ ಹೊಸದಾಗ್ತತೇನಮ್ಮ?"

ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ನಾನು ಬಾಯಿಗೆ ಬಂದದ್ದೆಲ್ಲ ಹೇಳಿದೆ, ಅದರ ಬಣ್ಣ ಚೆಂದ ಎಂದೂ ಹೇಳಿದೆ. ಥೂ, ಅಂಥ ಹೊತ್ತಿನಲ್ಲಿ ಬಣ್ಣದ ಮಾತೇ!

ಕೆಟ್ಟಿಲ್ಲ ತಾನೇ ಎಂದು ನೋಡಲು ಅವರು ಹಿಡಿಗಳನ್ನು ಜೋಡಿಸಿ ಪೆಟ್ಟಿಗೆಗೆ ಇಳಿಸಿದರು. ಗೋಡೆಯ ಮೇಲೆ ನಮ್ಮ ಊರು ಬಂತು. ಅಷ್ಟರಲ್ಲಿ ಬಂಡಿಯ ಗಂಟೆ ಹೊಡೆಯಿತು, ಅವಸರದಲ್ಲಿ ಸ್ವಿಚ್ಚು ಆರಿಸದೆಯೇ ಯಂತ್ರವನ್ನು ಎತ್ತಿಬಿಟ್ಟರು. ನಮ್ಮಲ್ಲಿ ಆರಿಸದೆ ಯಾವ ಯಂತ್ರವನ್ನೂ ಯಾರೂ ಅಲುಗಿಸುವುದಿಲ್ಲ. ಉರಿಯುವ ಒಲೆ ಮುಟ್ಟಬೇಡ ಎಂದಂತೆ ಮಕ್ಕಳಿಗೆ ಕಲಿಸುತ್ತೇವೆ. ಇಷ್ಟು ವರ್ಷ ನಾನೂ ಆರಿಸಿಯೇ ಅಕ್ಕನಿಗೆ ಕೊಟ್ಟಿದ್ದೆ. ಗೋಡೆ ಕಪ್ಪಾಯಿತು. ಎರ್ರಿಸ್ವಾಮಿಯವರ ಕೈಯಲ್ಲಿ ಅಕ್ಕನ ಕತ್ತೆ ಕಿವಿ ಆಡಿಸುತ್ತಲೇ ಇತ್ತು.

ಅವರು ಮತ್ತೆ ಇಳಿಸಿದರು, ಗೋಡೆಗೆ ಬಂತು. ಎತ್ತಿದರು, ಕೈಗೆ ಬಂತು. ಆಗ ನನಗೆ ಮಾತು ಸಿಕ್ಕಿತು. ಬಿಚ್ಚಿದರೆ ಇದರ ಹೊಸತನ ಕಾಣುವುದಿಲ್ಲ ಸ್ವಾಮಿ, ತಂತಿ ಕೀಳಬೇಕಾಗಿಲ್ಲ, ಆಟ ನಿಲ್ಲಿಸಬೇಕಾಗಿಲ್ಲ, ಹೊರಡುವವರು ಆಟ ಬಿಟ್ಟು ಏಳಬೇಕಾಗಿಲ್ಲ, ಇದಕ್ಕೆ ಮುಂಚೆ ಇಷ್ಟು ಸಲೀಸಾಗಿ ಯಾವುದು ಬಂದಿತ್ತು ತೋರಿಸಿ ಎಂದು ಕೇಳಿದೆ. ಅವರು ಇನ್ನೊಮ್ಮೆ ಇಳಿಸಿ ಎತ್ತಿ ಕತ್ತೆಯನ್ನು ನೋಡಿದರು.

"ಕಾನೂನು ಭಾಗ ಎಣಿಸ್ತತೆ ಸುಂಕಮ್ಮ. ಭಾಗ ಎಲ್ಲಾ ಹಳೇವೇ."

ಹೊಸಹುಟ್ಟು ಅಲ್ಲ ಎಂದು ತೀರ್ಪಾಯಿತು. ವಸ್ತು ಯಾರದೋ ಅವರೇ ತಮ್ಮ ಕೈಯಾರೆ ಕುಲುಮೆಗೆ ಹಾಕಬೇಕೆಂಬುದು ಇಲ್ಲಿಯ ಪದ್ಧತಿ. ಅದಕ್ಕೆ ಮುಂಚೆ ಬಾಗಿಲಿಗೆ ಹೋಗಿ ಅಕ್ಕನಿಗೆ ವಿದಾಯ ಹೇಳಿ ಬಾ ಎಂದು ಎರ್ರಿಸ್ವಾಮಿಯವರು ಯಂತ್ರವನ್ನು ನನ್ನ ಕೈಗಿಟ್ಟರು. ಆರಿಸು ಎಂದು ಮಾತ್ರ ಹೇಳಲಿಲ್ಲ.

ಬಾಗಿಲ ಕಿಂಡಿಯಲ್ಲಿ ಅಕ್ಕ ಕೈ ಚಾಚಿ ನಿಂತಿದ್ದಳು, ಕೂದಲು ಪೂರ್ತಿ ಬೆಳ್ಳಗಾಗಿದೆ. ಸೆರಗಿನಡಿಯಿಂದ ಯಂತ್ರ ತೆಗೆದೆ. ಪರದೆಯ ಬೆಳಕು ಅವಳ ಮುಖಕ್ಕೆ ಬಿತ್ತು.

"ಆರ್ಸಲಿಲ್ಲೇನೇ?"

"ಇಲ್ಲಕ್ಕ. ಹಿಡ್ಕಾ, ಹೋಗು."

ಅವಳಿಗೆ ಅರ್ಥವಾಯಿತು. ಯಂತ್ರವನ್ನು ಎದೆಗವಚಿಕೊಂಡಳು. ಬಂಡಿ ಹೊರಟಿತು. ಇನ್ನು ಅವಳು ಈ ಬಾಗಿಲಿಗೆ ಬರುವಂತಿಲ್ಲ, ಬಂದರೆ ಯಂತ್ರದ ಸಮೇತ ಹಿಡಿಯುತ್ತಾರೆ. ನನಗೇನು ಶಿಕ್ಷೆಯೋ ಗೊತ್ತಿಲ್ಲ. ಭಯವಾಗುತ್ತಿದೆ, ಸುಳ್ಳು ಹೇಳುವುದಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ಅದು ಹೊಸದೋ ಅಲ್ಲವೋ ಎಂದು ತೀರ್ಮಾನಿಸುವ ಮುಂಚೆ, ಜೊತೆಯಲ್ಲಿ ಕೂತು ಆಡುತ್ತಿರುವವರು ಯಾರಾದರೂ ಊರಿಗೆ ಹೊರಟಾಗ, ಅದನ್ನು ಆರಿಸದೆ ಎತ್ತಿ ಅವರ ಕೈಗೆ ಕೊಟ್ಟು ನೋಡಿ. ನೀವು ಇದನ್ನು ಯೋಚಿಸದೆ ದಿನಾ ಮಾಡುತ್ತೀರಂತೆ. ನಾನು ಒಂದೇ ಸಲ ಮಾಡಿದೆ.