ಕಟ್ಟು ಬಿಚ್ಚಿದ ಹದ್ದು

ನುರ್ಗಾಜಿ ಅಣ್ಣಾ,

ತೀರ್ಪುಗಾರರು ಸ್ಪರ್ಧಿಗಳಿಗೆ ಬರೆಯುವಂತಿಲ್ಲ. ಇದು ನಿನಗೆ ತಲುಪುವುದಿಲ್ಲ.

ನಮ್ಮ ಆನ್‌ಲೈನ್ ಗ್ಯಾಲರಿಯ ಸ್ಪರ್ಧೆಯ ಕಾಡುಹಕ್ಕಿ ವಿಭಾಗಕ್ಕೆ ಇಂದು ಹೆಸರಿಲ್ಲದೆ ಒಂದು ಫೋಟೊ ಬಂತು. ಬಂಡೆಯ ಮೇಲೆ ಕುಳಿತ ಹದ್ದು. ಹಿಂದೆ ನಾನೇ ಮದ್ದು ಹಚ್ಚಿದ ಆ ಮುರಿದ ಉಗುರು ನೋಡಿದ ಕೂಡಲೇ ಗೊತ್ತಾಯಿತು: ನೀನು ಬೇಟೆಗೆ ಪಳಗಿಸಿದ ಹದ್ದು, ನಿನ್ನ ಫೋಟೊ. ಅಣ್ಣನೆಂದು ಮೆತ್ತಗಾಗಬಾರದಲ್ಲ! "ಸಾಕಿದ ಹಕ್ಕಿ. ಇದು ಮೋಸ" ಎಂದು ಅಭಿಪ್ರಾಯ ಬರೆದು ತಿರಸ್ಕರಿಸಿದೆ.

ಆಮೇಲೆ ಜೊತೆಯ ತೀರ್ಪುಗಾರ್ತಿ ಜನೀಲ್ ಕೇಳಿದಳು: "ಅಲ್ವೇ, ನಿಮ್ಮ ಕಡೆಯೋರು ಕೆಲವು ವರ್ಷ ಬೇಟೆ ಆಡಿಸಿ, ಹದ್ದನ್ನ ವಾಪಸ್ ಬೆಟ್ಟಕ್ಕೆ ಬಿಟ್ಟುಬಿಡ್ತಾರಂತಲ್ಲ?"

ಫೋಟೊ ಮತ್ತೆ ತೆರೆದು ನೋಡಿದೆ: ಹದ್ದಿನ ಕಾಲಲ್ಲಿ ಕಟ್ಟೇ ಇರಲಿಲ್ಲ. ಈಚೆಗೆ ಒಮ್ಮೆ ಊರಿಗೆ ಬಂದಿದ್ದರೆ, ನೀನು ಅದನ್ನು ಬಿಟ್ಟದ್ದು ನನಗೆ ತಿಳಿಯುತ್ತಿತ್ತು.

"ತೀರ್ಪು ವಾಪಸ್ ತಗೊಳ್ಳೋಣ," ಅಂದೆ.

"ಕಳಿಸಾಯ್ತಲ್ಲೇ! ಕಳಿಸಿದ ತೀರ್ಪು ಬದಲಿಸಬಾರದು ಅಂತ ನಿಯಮ ಬರೆದೋಳೇ ನೀನು."

ಅಣ್ಣಾ, ನೀನು ಅದರ ಕಾಲಿನ ಕಟ್ಟು ಬಿಚ್ಚಿದ್ದೆ. ನಾನು ಮತ್ತೆ ಬಿಗಿದೆ.